ರಜೆಯ ಚೀಟಿ ಓದಿದಿರಾ?

ದಸರಾ ರಜೆ ಹತ್ತಿರ ಬಂತು. ಇನ್ನೇನು ಒಂದು ಸಂಜೆ ನಿಮ್ಮ ಮನೆಯ ಮಗು ಶಾಲೆಯಿಂದ ಓಡಿಬಂದು, ಚೀಲವನ್ನು ಮೂಲೆಗೆ ಎಸೆದು, “ನಾಳೆಯಿಂದ ರಜೆ!” ಎಂದು ಕೂಗುತ್ತದೆ. ಆ ಚೀಲದೊಳಗೆ, ಪುಸ್ತಕಗಳ ನಡುವೆ ಎಲ್ಲೋ, ನಾಲ್ಕು ಮಡಿಕೆಯ ಒಂದು ಚೀಟಿ ಇರುತ್ತದೆ. ಶಾಲೆಯಿಂದ ಮನೆಗೆ ಬಂದ ಚೀಟಿ. ಅದನ್ನು ಯಾರು ಓದುತ್ತಾರೆ?

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯವನು. ಮೂವತ್ತೆಂಟು ವರ್ಷ ಸೈಕಲ್ ಮೇಲೆ ಊರೂರಿಗೆ ಅಂಚೆ ಹಂಚಿದವನು. ಬರೀ ಹಂಚಿದ್ದಲ್ಲ, ಓದಿಯೂ ಹೇಳಿದವನು. ಆಗ ಎಷ್ಟೋ ಮನೆಗಳಲ್ಲಿ ಓದು ಬರುವವರು ಇರಲಿಲ್ಲ. ಮಿಲಿಟರಿಯಲ್ಲಿದ್ದ ಮಗನ ಕಾಗದ, ಗಂಡನ ಮನೆಗೆ ಹೋದ ಮಗಳ ಕಾಗದ, ಎಲ್ಲವನ್ನೂ ಜಗಲಿ ಮೇಲೆ ಕೂತು ನಾನೇ ಓದುತ್ತಿದ್ದೆ. “ಇನ್ನೊಂದು ಸಲ ಓದಪ್ಪಾ” ಎಂದರೆ ಇನ್ನೊಂದು ಸಲ ಓದುತ್ತಿದ್ದೆ. ಊರವರ ಕಾಗದವನ್ನೆಲ್ಲ ಓದಿದ ನಾನು ನನ್ನ ಮೊಮ್ಮಗಳು ತಂದುಕೊಟ್ಟ ಚೀಟಿಯನ್ನು ಓದಲಿಲ್ಲ. ಆ ಕತೆಯಿಂದಲೇ ಶುರು ಮಾಡುತ್ತೇನೆ.

ಎಲೆ-ಅಡಿಕೆ ತಟ್ಟೆಯ ಕೆಳಗಿನ ಕಾಗದ

2024ರಲ್ಲಿ ದಸರಾ ರಜೆ ಅಕ್ಟೋಬರ್ 3ರಿಂದ 20ರವರೆಗೆ ಇತ್ತು. ಅಕ್ಟೋಬರ್ 2ರಂದು ಶಾಲೆಯಲ್ಲಿ ಗಾಂಧಿ ಜಯಂತಿ ಮುಗಿಸಿಕೊಂಡು ಬಂದ ಪುಟ್ಟಿ ಚೀಟಿ ತಂದುಕೊಟ್ಟಳು. ಆಗ ಅವಳು ನಾಲ್ಕನೇ ಕ್ಲಾಸು. ಮಗ, ಸೊಸೆ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಪುಟ್ಟಿ ನಮ್ಮ ಬಳಿಯೇ ಬೆಳೆಯುತ್ತಿದ್ದಾಳೆ.

ಚೀಟಿಯ ಕೆಳಗೆ ಚುಕ್ಕಿ ಗೆರೆ. ಗೆರೆಯ ಕೆಳಗೆ “ಮೇಲಿನದನ್ನು ಓದಿದ್ದೇನೆ” ಎಂದು ಬರೆದು ಸಹಿಗೆ ಜಾಗ. ಕನ್ನಡಕ ಎಲ್ಲಿಟ್ಟಿದ್ದೆನೋ ಸಿಗಲಿಲ್ಲ. ಸಹಿ ಹಾಕಿದೆ. ಕೆಳಗಿನ ತುಂಡನ್ನು ಪುಟ್ಟಿ ಕತ್ತರಿಸಿ, ಕೊಡಲು ಶಾಲೆಗೆ ಮತ್ತೆ ಓಡಿದಳು. ಮೇಲಿನ ಭಾಗ ಎಲೆ-ಅಡಿಕೆ ತಟ್ಟೆಯ ಕೆಳಗೆ ಸೇರಿತು.

ರಜೆಯ ನಾಲ್ಕನೇ ದಿನ. ಆ ಸಲ ಮಳೆ ಚೆನ್ನಾಗಿತ್ತು, ಹೊಂಡಗಳೆಲ್ಲ ತುಂಬಿದ್ದವು. ನಮ್ಮ ಬೀದಿಯ ನಾಲ್ಕು ಮಕ್ಕಳು ಊರಾಚೆಯ ಹೊಲದ ಕೃಷಿ ಹೊಂಡದ ಹತ್ತಿರ ಹೋದರು. ಪುಟ್ಟಿಯೂ ಇದ್ದಳು. ಆರನೇ ಕ್ಲಾಸಿನ ಹುಡುಗನೊಬ್ಬ ಕಾಲು ತೊಳೆಯಲು ಇಳಿದ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿತ್ತು. ಕಾಲು ಜಾರಿತು. ಹತ್ತಲು ಹೋದಷ್ಟೂ ಜಾರಿತು. ಪಕ್ಕದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಮಕ್ಕಳ ಕೂಗು ಕೇಳಿ ಓಡಿಬಂದರು. ಹೊರೆ ಕಟ್ಟಲು ತಂದಿದ್ದ ಹಗ್ಗ ಎಸೆದರು. ಹುಡುಗ ಹಿಡಿದುಕೊಂಡ. ಬದುಕಿದ.

ಆ ಸಂಜೆ ಪುಟ್ಟಿ ಅಜ್ಜಿಯ ಸೆರಗು ಬಿಡಲೇ ಇಲ್ಲ. ರಾತ್ರಿ ಊಟವಾದ ಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದಳು.

“ತಾತ, ಮೇಷ್ಟ್ರು ಬರ್ದಿದ್ರು, ಹೊಂಡದ ಹತ್ರ ಹೋಗ್ಬಾರ್ದು ಅಂತ.”

“ಎಲ್ಲಿ ಬರ್ದಿದ್ರವ್ವ?”

“ಚೀಟೀಲಿ. ನೀನೇ ಸೈನ್ ಹಾಕಿದ್ಯಲ್ಲ ತಾತ.”

ತಟ್ಟೆ ಎತ್ತಿ ನೋಡಿದೆ. ಸುಣ್ಣದ ಕಲೆಯ ನಡುವೆ ಮೂರನೇ ಸಾಲಿನಲ್ಲೇ ಇತ್ತು: ಮಳೆಯಿಂದ ಹೊಂಡ, ಕೆರೆ ತುಂಬಿವೆ, ಮಕ್ಕಳನ್ನು ಒಬ್ಬರನ್ನೇ ಬಿಡಬೇಡಿ ಎಂದು. ಆ ಸಾಲು ನಮ್ಮ ಮನೆಗೆ ಬಂದು ನಾಲ್ಕು ದಿನವಾಗಿತ್ತು.

ಪೋಷಕರು ಎಂದರೆ ಯಾರು?

ಆ ಚೀಟಿಯ ಮೊದಲ ಪದ “ಮಾನ್ಯ ಪೋಷಕರೇ” ಎಂದಿತ್ತು. ಪೋಷಕರು ಎಂದರೆ ಅಪ್ಪ-ಅಮ್ಮ, ಅದು ನಮಗಲ್ಲ ಎಂದು ನಾವು ಅಜ್ಜ-ಅಜ್ಜಿಯರು ಸುಮ್ಮನಾಗುತ್ತೇವೆ. ಆದರೆ ಆ ಪದದ ಅರ್ಥ ನೋಡಿ. ಪೋಷಿಸುವವರು ಪೋಷಕರು. ಉಣ್ಣಿಸಿ, ಮಲಗಿಸಿ, ಜ್ವರ ಬಂದಾಗ ಹಣೆ ಮುಟ್ಟಿ ನೋಡುವವರು ಯಾರೋ ಅವರು. ಉತ್ತರ ಕರ್ನಾಟಕದ ಕಡೆ ಪಾಲಕರು ಎನ್ನುತ್ತಾರೆ. ಅದರ ಅರ್ಥವೂ ಅದೇ.

ಕಾನೂನೂ ಹಾಗೆಯೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡುತ್ತದೆ. ಸರ್ಕಾರಿ ಶಾಲೆಗೆ ಒಂದು ಸಮಿತಿ ಇರಬೇಕು, ಅದರಲ್ಲಿ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆ-ತಾಯಿ ಅಥವಾ ಪೋಷಕರೇ ಆಗಿರಬೇಕು, ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು ಎಂದೂ ಹೇಳುತ್ತದೆ. ನಮ್ಮಲ್ಲಿ ಅದೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಲ್ಲರ ಬಾಯಲ್ಲಿ ಎಸ್‌ಡಿಎಂಸಿ. ಅಪ್ಪ-ಅಮ್ಮ ದೂರದಲ್ಲಿದ್ದು ಮಗುವನ್ನು ನೋಡಿಕೊಳ್ಳುವವರು ನೀವಾದರೆ, ಶಾಲೆಯ ಬಾಗಿಲಲ್ಲಿ ಸಂಕೋಚಪಟ್ಟು ನಿಲ್ಲಬೇಕಾಗಿಲ್ಲ. ಒಳಗೆ ಹೋಗಿ ಕೂರಬಹುದು.

ಮರುವರ್ಷ ನಾನು ಹೋದೆ. 2025ರಲ್ಲಿ ರಜೆ ಸೆಪ್ಟೆಂಬರ್ 20ಕ್ಕೆ ಶುರು. ಹಿಂದಿನ ದಿನ ಶುಕ್ರವಾರ ಮಧ್ಯಾಹ್ನ ಪೋಷಕರ ಸಭೆ. ಕನ್ನಡಕ ಮೊದಲೇ ಜೇಬಿಗೆ ಹಾಕಿಕೊಂಡೆ. ನಮ್ಮ ಮನೆಯಾಕೆಯನ್ನೂ ಕರೆದುಕೊಂಡು ಹೋದೆ. ಐದನೇ ಕ್ಲಾಸಿನ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತೆವು. ಸುತ್ತ ನೋಡಿದರೆ ಅರ್ಧಕ್ಕರ್ಧ ತಲೆ ನರೆತವರೇ! ಹೊಲಕ್ಕೆ, ಕಾರ್ಖಾನೆಗೆ ಹೋದ ಅಪ್ಪ-ಅಮ್ಮಂದಿರ ಬದಲಿಗೆ ಬಂದ ಅಜ್ಜಿ-ತಾತಂದಿರು. ಮುಖ್ಯಶಿಕ್ಷಕರು ಚೀಟಿಯನ್ನು ಒಂದೊಂದೇ ಸಾಲು ಓದಿ ವಿವರಿಸಿದರು. ಅಲ್ಲಿ ನಾವು ಕೇಳಿ ಬಂದಿದ್ದನ್ನು ಹೇಳುತ್ತೇನೆ. ನಿಮ್ಮ ಮನೆಗೆ ಬರುವ ಚೀಟಿಯಲ್ಲೂ ಹೆಚ್ಚು ಕಡಿಮೆ ಇವೇ ಇರುತ್ತವೆ.

ಮೊದಲು ದಿನಾಂಕ

ನಮ್ಮ ರಾಜ್ಯದ ಶಾಲೆಗಳಿಗೆ ವರ್ಷದಲ್ಲಿ ಎರಡು ದೊಡ್ಡ ರಜೆ. ಒಂದು ದಸರಾ ರಜೆ, ಇನ್ನೊಂದು ಬೇಸಿಗೆ ರಜೆ. ಬೇಸಿಗೆ ರಜೆ ಈಚಿನ ವರ್ಷಗಳಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ಬಂದಿದೆ. ದಸರಾ ರಜೆ ಹಬ್ಬದ ಜೊತೆ ಹಿಂದೆ ಮುಂದೆ ಸರಿಯುತ್ತದೆ. ಹಾಗಾಗಿ ಹೋದ ವರ್ಷದ ದಿನಾಂಕವನ್ನು ನೆಚ್ಚಿಕೊಂಡು ಊರಿಗೆ ಹೋಗಲು ಬಸ್ಸು, ರೈಲು ಗೊತ್ತು ಮಾಡಬಾರದು.

ಚೀಟಿ ಬಂದ ಮೇಲೂ ದಿನಾಂಕ ಬದಲಾಗಬಹುದು. ಅದನ್ನು ನಾವು 2025ರಲ್ಲೇ ಕಂಡೆವು. ಚೀಟಿಯಲ್ಲಿ ರಜೆ ಅಕ್ಟೋಬರ್ 7ರವರೆಗೆ ಎಂದಿತ್ತು. ಆ ರಜೆಯಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ಮನೆಮನೆಗೆ ಹೋಗಿ ಅರವತ್ತು ಪ್ರಶ್ನೆ ಕೇಳುವ ಕೆಲಸ ಶಿಕ್ಷಕರ ಪಾಲಿಗೆ ಬಂತು. ಅದು ಹೇಳಿದ ದಿನಕ್ಕೆ ಮುಗಿಯಲಿಲ್ಲ. ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ನಮ್ಮ ಮನೆಗೂ ಶಾಲೆಯ ಮಿಸ್ ಬಂದರು. ಮೊಬೈಲು ಹಿಡಿದು ಪ್ರಶ್ನೆ ಕೇಳುತ್ತಿದ್ದ ಅವರನ್ನು ಪುಟ್ಟಿ ಬಾಗಿಲ ಹಿಂದೆ ನಿಂತು ನೋಡಿದ್ದೇ ನೋಡಿದ್ದು. ದಿನಾ ತಾನು ಉತ್ತರ ಹೇಳಬೇಕಾಗಿದ್ದ ಮಿಸ್‌ಗೆ ಈಗ ತಾತ ಉತ್ತರ ಹೇಳುತ್ತಿದ್ದಾನೆ ಎಂದು ಅವಳಿಗೆ ಖುಷಿ.

ಇದರಿಂದ ಕಲಿತದ್ದು ಇಷ್ಟು: ದಿನಾಂಕದ ಪಕ್ಕದಲ್ಲೇ ಕ್ಲಾಸ್ ಟೀಚರ ಫೋನ್ ನಂಬರನ್ನೂ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದುಕೊಳ್ಳಿ. ಮೊಬೈಲಿನಲ್ಲಿ ಬರುವ ಸಂದೇಶ ಮಗನ ಫೋನಿಗೆ ಹೋಗುತ್ತದೆ, ಮಗು ಇರುವುದು ನಮ್ಮ ಮನೆಯಲ್ಲಿ. ನಿಮ್ಮ ನಂಬರನ್ನೂ ಶಾಲೆಯಲ್ಲಿ ಬರೆಸಿ ಬನ್ನಿ. ರಜೆಯ ನಡುವೆ ಗಾಂಧಿ ಜಯಂತಿ ಬಂದರೆ ಆ ದಿನ ಮಕ್ಕಳು ಶಾಲೆಗೆ ಬರಬೇಕೇ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ.

ಅಂಕಪಟ್ಟಿ ನೋಡುವ ಬಗೆ

ನಮ್ಮ ಕಾಲದಲ್ಲಿ ಪಾಸು, ಫೇಲು ಎರಡೇ. ಈಗ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಹೆಸರು ದೊಡ್ಡದು, ಅರ್ಥ ಸುಲಭ. ಪಾಠ ನಡೆಯುತ್ತಿರುವಾಗಲೇ ಮಗು ಎಷ್ಟು ಹಿಡಿದಿದೆ ಎಂದು ಚಟುವಟಿಕೆ, ಸಣ್ಣ ಪರೀಕ್ಷೆಗಳಿಂದ ನೋಡುವುದು ರೂಪಣಾತ್ಮಕ. ಅರ್ಧ ವರ್ಷದ ಪಾಠ ಮುಗಿದ ಮೇಲೆ ಎಲ್ಲ ಸೇರಿಸಿ ನೋಡುವುದು ಸಂಕಲನಾತ್ಮಕ. ದಸರಾ ರಜೆಯ ಹೊತ್ತಿಗೆ ಎರಡು ರೂಪಣಾತ್ಮಕ, ಒಂದು ಸಂಕಲನಾತ್ಮಕ ಮುಗಿದಿರುತ್ತವೆ.

ಉತ್ತರ ಪತ್ರಿಕೆ ತೋರಿಸಲು ರಜೆ ಮುಗಿದ ಮೇಲೆ ಕರೆಯುತ್ತೇವೆ ಎಂದರು ಮುಖ್ಯಶಿಕ್ಷಕರು. ಜೊತೆಗೆ ಒಂದು ಮಾತು ಹೇಳಿದರು. “ಎಷ್ಟು ಬಂತು ಅಂತ ಕೇಳ್ಬೇಡಿ. ಯಾವ್ದು ಬರ್ಲಿಲ್ಲ ಅಂತ ಕೇಳಿ. ಮಗೂನೇ ಹೇಳುತ್ತೆ.”

ಆ ಸಂಜೆ ಕೇಳಿದೆ. ಪುಟ್ಟಿ ತಡಮಾಡದೆ ಹೇಳಿದಳು: “ಭಾಗಾಕಾರ ತಾತ. ಶೇಷ ಬಂದ್ರೆ ಗೊತ್ತಾಗಲ್ಲ.” ಮಂಕರಿಯಲ್ಲಿದ್ದ ನಿಂಬೆಹಣ್ಣು ಸುರಿದು, ಇಪ್ಪತ್ತಮೂರು ಹಣ್ಣನ್ನು ಐದು ಜನಕ್ಕೆ ಹಂಚಲು ಹೇಳಿದೆ. ತಲಾ ನಾಲ್ಕು ಹಂಚಿದಳು. ಮೂರು ಉಳಿಯಿತು. ಅವಳಿಗೆ ಗೊತ್ತಾಗದ ಶೇಷ ಆ ಮೂರೇ ಎಂದು ತಿಳಿದು ನಕ್ಕಳು.

ಹನ್ನೆರಡು ಊಟದ ಲೆಕ್ಕ

ಸಭೆಯಲ್ಲಿ ಅಡುಗೆಯವರೂ ಬಂದಿದ್ದರು. ನಮ್ಮ ಮನೆಯಾಕೆ ಅವರ ಪಕ್ಕದಲ್ಲೇ ಕೂತಳು.

ಶಾಲೆಯಲ್ಲಿ ಬಿಸಿಯೂಟ ಇರುವುದು ನಿಮಗೆಲ್ಲ ಗೊತ್ತು. ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಹೇಳಿತು. ಮರುವರ್ಷ ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ, ಆಮೇಲೆ ಎಲ್ಲ ಜಿಲ್ಲೆಗೂ ಬಂತು. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 6ರಿಂದ 8ನೇ ತರಗತಿಗೆ 150 ಗ್ರಾಂ. ಚಿಕ್ಕ ಮಕ್ಕಳಿಗೆ ಆ ಒಂದು ಊಟದಲ್ಲೇ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ದೊಡ್ಡ ಮಕ್ಕಳಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಇದರ ಜೊತೆ 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂತು. 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಬಿಸಿ ಹಾಲು. ಮೊಟ್ಟೆಯೂ ಇದೆ. ತಿನ್ನದವರಿಗೆ ಬಾಳೆಹಣ್ಣು.

ರಜೆ ಬಂದರೆ ಇದೆಲ್ಲ ನಿಲ್ಲುತ್ತದೆ. ಎಷ್ಟು ಊಟ ನಿಲ್ಲುತ್ತದೆ? ಮಕ್ಕಳೇ, ನೀವೇ ಲೆಕ್ಕ ಹಾಕಿ. 2025ರ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ಕ್ಕೆ ಒಟ್ಟು 18 ದಿನ. ಅದರಲ್ಲಿ ಮೂರು ಭಾನುವಾರ. ಆಯುಧಪೂಜೆ, ಗಾಂಧಿ ಜಯಂತಿಯ ದಿನವೇ ಬಂದ ವಿಜಯದಶಮಿ, ವಾಲ್ಮೀಕಿ ಜಯಂತಿ ಎಂದು ಇನ್ನು ಮೂರು. ಕಳೆದರೆ ಉಳಿಯುವುದು 12. ರಜೆ ಮುಂದುವರಿದಾಗ ಇನ್ನೂ ಹತ್ತು ಸೇರಿತು.

ಎಲ್ಲ ಮನೆಗೂ ಆ ಹನ್ನೆರಡು ಊಟ ಹಗುರವಲ್ಲ. ಬೆಳಗ್ಗೆ ಎದ್ದು ಕೂಲಿಗೆ ಹೋಗುವ ಮನೆಯಲ್ಲಿ ಮಧ್ಯಾಹ್ನ ಒಲೆ ಹಚ್ಚುವವರೇ ಇರುವುದಿಲ್ಲ. ಇದು ಸರ್ಕಾರಕ್ಕೂ ಗೊತ್ತಿರುವ ವಿಷಯ. ಬರಗಾಲವಿದ್ದ 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ಶಾಲೆಗೆ ರಜೆಯಿದ್ದರೂ ಬಿಸಿಯೂಟ ಕೊಟ್ಟರು.

ಅಡುಗೆಯವರು ಹೇಳಿದ್ದು: “ಮಕ್ಕಳಿಗೆ ಮಧ್ಯಾಹ್ನ ಅದೇ ಹೊತ್ತಿಗೆ ಹಸಿವಾಗುತ್ತೆ. ಬಿಸ್ಕತ್ತು, ಕುರುಕಲು ಪ್ಯಾಕೆಟ್ಟು ಕೊಟ್ಟು ಸುಮ್ಮನಿರಿಸ್ಬೇಡಿ.” ನಮ್ಮ ಮನೆಯಾಕೆ ಅದನ್ನು ಮನಸ್ಸಿಗೆ ತೆಗೆದುಕೊಂಡಳು. ಮುದ್ದೆ ಜೊತೆ ಹುರುಳಿಕಾಳಿನ ಸಾರು, ಒಂದು ದಿನ ಅವರೆಕಾಳು, ಒಂದು ದಿನ ಸೊಪ್ಪು. ಪಕ್ಕದ ಮನೆಯ ಇಬ್ಬರು ಹುಡುಗರ ಅಮ್ಮ ಕೂಲಿಗೆ ಹೋಗುತ್ತಾರೆ. ಅವರಿಬ್ಬರೂ ಪುಟ್ಟಿ ಜೊತೆಗೇ ತಟ್ಟೆ ಹಿಡಿದು ಕೂತರು. ಒಂದು ಮುದ್ದೆ ಹೆಚ್ಚಿಗೆ ತಿರುವಿದರೆ ಆಯಿತು ಎಂದಳು ಇವಳು.

ನೀರಿನ ಸಾಲು

ಮೂರನೇ ಸಾಲಿಗೆ ಬಂದಾಗ ಮುಖ್ಯಶಿಕ್ಷಕರು ದನಿ ತಗ್ಗಿಸಿದರು. ಹಿಂದಿನ ವರ್ಷದ ಹುಡುಗನ ಅಜ್ಜಿ ಎದುರಿಗೇ ಕೂತಿದ್ದರು. ಆ ಹುಡುಗನ ಹೆಸರು ಯಾರೂ ಎತ್ತಲಿಲ್ಲ.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆ ಕಡಿಮೆಯಿರುವ ನಮ್ಮಂಥ ಕಡೆ ಹೊಲಗಳಲ್ಲಿ ಹೊಂಡಗಳು ಹೆಚ್ಚಾದವು. ಬೆಳೆಗೆ ಅವು ಬೇಕು. ನೀರು ಇಂಗದಿರಲಿ ಎಂದು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಆ ಹಾಳೆಯೇ ಅಪಾಯ. ಕೆರೆಯ ದಡದಂತೆ ಅಲ್ಲಿ ಕಾಲಿಗೆ ಹಿಡಿತ ಸಿಗುವುದಿಲ್ಲ. ಈಜು ಬರುವವರೂ ಹತ್ತಲಾರರು.

ಮಕ್ಕಳೇ, ಇದನ್ನು ಎರಡು ಸಲ ಓದಿ. ಗೆಳೆಯ ನೀರಿಗೆ ಬಿದ್ದರೆ ನೀವು ಇಳಿಯಬೇಡಿ. ಇಳಿದರೆ ಇಬ್ಬರೂ ಮುಳುಗುತ್ತೀರಿ. ಮೊದಲು ಜೋರಾಗಿ ಕೂಗಿ ದೊಡ್ಡವರನ್ನು ಕರೆಯಿರಿ. ಹಗ್ಗ, ಉದ್ದ ಕೋಲು, ಟವೆಲ್ಲು, ಸೀರೆ ಸಿಕ್ಕರೆ ದಡದಲ್ಲಿ ಮಲಗಿ ಅದರ ತುದಿ ಚಾಚಿ. ಖಾಲಿ ಪ್ಲಾಸ್ಟಿಕ್ ಬಿಂದಿಗೆ, ಮುಚ್ಚಳ ಹಾಕಿದ ಕ್ಯಾನು ತೇಲುತ್ತವೆ, ಅವನ್ನು ಎಸೆಯಿರಿ. 112ಕ್ಕೆ ಫೋನ್ ಮಾಡಿ. ಅದಕ್ಕೆ ದುಡ್ಡು ಬೇಡ.

ಹಿರಿಯರಿಗೆ ಒಂದು ಮಾತು. ನೀರಿನಿಂದ ತೆಗೆದ ಮಗುವನ್ನು ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆ ಅದುಮಿ ನೀರು ತೆಗೆಯುವುದು ನಮ್ಮಲ್ಲಿ ಹಳೆಯ ರೂಢಿ. ಅದು ತಪ್ಪು. ಉಸಿರಾಡದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಎದೆ ಒತ್ತುವುದು ಗೊತ್ತಿರುವವರು ಕೂಡಲೇ ಶುರು ಮಾಡಬೇಕು. ಉಸಿರಾಡುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡೇ ಹೋಗಬೇಕು. ನಿಮ್ಮ ಹೊಲದಲ್ಲೇ ಹೊಂಡವಿದ್ದರೆ ಬೇಲಿ ನೋಡಿ. ಒಂದು ಗೂಟಕ್ಕೆ ಕಟ್ಟಿದ ಉದ್ದ ಹಗ್ಗವನ್ನು ಯಾವಾಗಲೂ ನೀರಿನೊಳಗೆ ಇಳಿಬಿಟ್ಟಿರಿ. ಆ ದಿನ ನಮ್ಮ ಬೀದಿಯ ಹುಡುಗನ ಜೀವ ಉಳಿಸಿದ್ದು ಒಂದು ಹಗ್ಗವೇ.

ಊರು ಬಿಟ್ಟು ಹೋಗುವವರಿಗೆ

ಹಬ್ಬ ಮುಗಿದ ಮೇಲೆ ಕೆಲಸ ಹುಡುಕಿಕೊಂಡು ಊರು ಬಿಡುವ ಕುಟುಂಬಗಳು ನಮ್ಮ ಕಡೆ ಇವೆ. ಉತ್ತರ ಕರ್ನಾಟಕದಲ್ಲಿ ಕಬ್ಬು ಕಡಿಯುವ ಕಾಲವೂ ದಸರಾ ಆದ ಮೇಲೆಯೇ ಶುರುವಾಗುತ್ತದೆ. ಅಪ್ಪ-ಅಮ್ಮನ ಜೊತೆ ಮಗುವೂ ಹೋದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಗೈರು, ಗೈರು ಎಂದು ಬೀಳುತ್ತಾ ಹೋಗುತ್ತದೆ.

ಸಭೆಯಲ್ಲಿ ಇಂಥ ಒಂದು ಮನೆಯ ತಾತ ಎದ್ದು ಕೇಳಿದರು: “ಬೆಂಗಳೂರಿಗೆ ಕರ್ಕೊಂಡು ಹೋಗ್ತಾರಂತೆ ಸಾರ್. ಅಲ್ಲಿ ಸೇರಿಸ್ಕೊಳ್ತಾರಾ?” ಸೇರಿಸಿಕೊಳ್ಳಲೇಬೇಕು ಎಂದರು ಮುಖ್ಯಶಿಕ್ಷಕರು. ವರ್ಷದ ಯಾವ ತಿಂಗಳಲ್ಲಿ ಹೋದರೂ ಮಗುವಿಗೆ ಪ್ರವೇಶ ಕೊಡಬೇಕು, ವರ್ಗಾವಣೆ ಪತ್ರ ತಡವಾಯಿತು ಎಂದು ತಿರಸ್ಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಹೋಗುವ ಮೊದಲು ಶಾಲೆಗೆ ಹೇಳಿ, ಮಗುವಿನ ಸ್ಯಾಟ್ಸ್ ನಂಬರು ಬರೆದುಕೊಂಡು ಹೋದರೆ ಅಲ್ಲಿಯ ಶಾಲೆಗೆ ಕೆಲಸ ಸುಲಭ. ಆಮೇಲೆ ಮೆಲ್ಲಗೆ ಸೇರಿಸಿದರು: “ನೀವು ಊರಲ್ಲೇ ಇರ್ತೀರಲ್ಲ ಯಜಮಾನ್ರೇ. ಮಗು ನಿಮ್ಮ ಹತ್ರ ಇದ್ರೆ ಇಲ್ಲೇ ಓದು ಮುಂದುವರಿಯುತ್ತೆ.” ಆ ತಾತ ಏನೂ ಹೇಳದೆ ಕೂತರು. ರಜೆ ಮುಗಿದ ಮೇಲೆ ನೋಡಿದೆ, ಮಗು ಇಲ್ಲೇ ಇತ್ತು.

ಮನೆಗೆಲಸ: ತಾತನ ಲೆಕ್ಕ

ರಜೆಗೆ ಮನೆಗೆಲಸ ಎಂದರೆ ಮಗ್ಗಿ ಹತ್ತು ಸಲ, ಕಾಪಿ ಇಪ್ಪತ್ತು ಪುಟ ಎಂದುಕೊಂಡಿದ್ದೆ. ಆದರೆ ಮಿಸ್ ಕೊಟ್ಟಿದ್ದು ಬೇರೆ. ದಿನಕ್ಕೊಂದು ಪುಟ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಒಂದು ಸಂತೆಯ ಲೆಕ್ಕ ಬರೆಯಬೇಕು. ಮನೆಯ ಹಿರಿಯರನ್ನು ಅವರ ಕಾಲದ ದುಡ್ಡು, ಅಳತೆಗಳ ಬಗ್ಗೆ ಕೇಳಿ ಬರೆಯಬೇಕು.

ನನಗೆ ಹೇಳಿ ಮಾಡಿಸಿದ ಪಾಠ! ಹೊಸ ಪೈಸೆ ಬಂದಿದ್ದು 1957ರ ಏಪ್ರಿಲ್ 1ಕ್ಕೆ. ನಾನು ಹುಟ್ಟಿದ್ದೂ ಅದೇ ವರ್ಷ. ಅದಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಅಂದರೆ ರೂಪಾಯಿಗೆ 64 ಪೈಸೆ. ಆಮೇಲೆ ರೂಪಾಯಿಗೆ 100 ಪೈಸೆ ಆಯಿತು. ಆದರೂ 25 ಪೈಸೆಗೆ ನಾಲ್ಕಾಣೆ, 50 ಪೈಸೆಗೆ ಎಂಟಾಣೆ ಎನ್ನುವುದು ನಮ್ಮ ನಾಲಿಗೆಯಲ್ಲಿ ಉಳಿದೇ ಹೋಯಿತು. ನಾಲ್ಕಾಣೆ ಚಲಾವಣೆ ನಿಂತದ್ದು 2011ರ ಜೂನ್ ಕೊನೆಗೆ.

“ಹಾಗಾದ್ರೆ ಒಂದಾಣೆಗೆ ಎಷ್ಟು ಪೈಸೆ ತಾತ?” ಪುಟ್ಟಿ ನೂರನ್ನು ಹದಿನಾರರಿಂದ ಭಾಗಿಸಿದಳು. ಆರು ಬಂತು, ನಾಲ್ಕು ಉಳಿಯಿತು. “ಶೇಷ ಬಂತು!” ಎಂದು ಕೂಗಿದಳು. ಆ ಶೇಷದಿಂದಾಗಿಯೇ ಆ ಕಾಲದ ಅಂಗಡಿಗಳಲ್ಲಿ ಜಗಳವಾಗುತ್ತಿತ್ತಂತೆ ಎಂದು ನನ್ನ ಅಪ್ಪ ಹೇಳುತ್ತಿದ್ದುದನ್ನು ಹೇಳಿದೆ. ಅದನ್ನೂ ಬರೆದುಕೊಂಡಳು.

ಎಂಟಾಣೆಯ ಕಾರ್ಡು

ಸಭೆ ಮುಗಿಯುವಾಗ ನಾನು ಎದ್ದು ಒಂದು ಮಾತು ಕೇಳಿದೆ. “ಶಾಲೆಯಿಂದ ಮನೆಗೆ ಚೀಟಿ ಬರುತ್ತೆ ಸಾರ್. ಮನೆಯಿಂದ ಶಾಲೆಗೆ ಯಾಕೆ ಬರಬಾರದು?” ಅಂಚೆ ಕಾರ್ಡಿನ ಬೆಲೆ ಈಗಲೂ 50 ಪೈಸೆಯೇ. ಶಾಲೆಯಲ್ಲಿ 64 ಮಕ್ಕಳು. 64 ಕಾರ್ಡಿಗೆ 32 ರೂಪಾಯಿ. ಪೋಸ್ಟ್ ಆಫೀಸಿನಿಂದ ತಂದು ಹೊರಡುವ ಮೊದಲು ಒಂದೊಂದನ್ನು ಕೈಗೆ ಕೊಟ್ಟೆ. ವಿಳಾಸ ಎಲ್ಲಿ ಬರೆಯಬೇಕು, ಪಿನ್ ಕೋಡಿನ ಆರು ಅಂಕಿ ಎಲ್ಲಿ ಎಂದು ಕರಿಹಲಗೆಯ ಮೇಲೆ ತೋರಿಸಿದೆ. ರಜೆಯಲ್ಲಿ ಏನು ಮಾಡಿದಿರಿ ಎಂದು ಬರೆದು ಡಬ್ಬಿಗೆ ಹಾಕಿ ಎಂದೆ.

ರಜೆ ಮುಂದುವರಿದದ್ದರಿಂದ ಕಾರ್ಡುಗಳು ಅಂಚೆ ಕಚೇರಿಯಲ್ಲೇ ಕಾದವು. ಶಾಲೆ ತೆರೆದ ದಿನ ಈಗಿನ ಪೋಸ್ಟ್‌ಮ್ಯಾನ್ ಒಟ್ಟಿಗೆ 41 ಕಾರ್ಡು ತಂದುಕೊಟ್ಟ. ಕೆಲವು ನಮ್ಮೂರ ಮುದ್ರೆ, ಕೆಲವು ಅಜ್ಜಿ ಮನೆಯ ಊರಿನ ಮುದ್ರೆ. ಮುಖ್ಯಶಿಕ್ಷಕರು ನನ್ನನ್ನೇ ಕರೆದು ಓದಿಸಿದರು. ಹಳೆಯ ಕೆಲಸ ಮತ್ತೆ ಸಿಕ್ಕಿತು.

ಒಬ್ಬಳು ಮೈಸೂರಿನ ಆನೆ ನೋಡಿದ್ದಳು. ಒಬ್ಬ ಕುರಿ ಕಾಯ್ದಿದ್ದ. ಒಬ್ಬ “ನಾನು ಏನೂ ಮಾಡಲಿಲ್ಲ, ಚೆನ್ನಾಗಿತ್ತು” ಎಂದಷ್ಟೇ ಬರೆದಿದ್ದ. ಮಕ್ಕಳೆಲ್ಲ ನಕ್ಕರು. ನಡುವೆ ಒಂದು ಕಾರ್ಡು, ಏಳನೇ ಕ್ಲಾಸಿನದು. ಬರೆದವನು ಹಿಂದಿನ ವರ್ಷ ಹೊಂಡದಿಂದ ಬದುಕಿ ಬಂದ ಹುಡುಗ. ಮೂರೇ ಸಾಲು ಇತ್ತು: “ಈ ರಜೆಯಲ್ಲಿ ನಾನು ಹೊಂಡಕ್ಕೆ ಹೋಗಲಿಲ್ಲ. ತಮ್ಮನನ್ನೂ ಬಿಡಲಿಲ್ಲ. ಅಜ್ಜಿಗೆ ಚೀಟಿ ಓದಿ ಹೇಳಿದೆ.”

ಅದನ್ನು ಓದುವಾಗ ನನಗೆ ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಮಕ್ಕಳೇ, ಈ ಸಲ ನಿಮ್ಮ ಚೀಲದಲ್ಲಿ ಚೀಟಿ ಬಂದಾಗ ಐದು ಕೆಲಸ ಮಾಡಿ.

1. ಮನೆಗೆ ಬಂದ ಕೂಡಲೇ, ಆಟಕ್ಕೆ ಓಡುವ ಮೊದಲು, ಚೀಟಿ ಹೊರಗೆ ತೆಗೆಯಿರಿ.

2. ಅಜ್ಜ, ಅಜ್ಜಿ, ತಾತ, ಯಾರು ಮನೆಯಲ್ಲಿದ್ದಾರೋ ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ಓದಿದ ಮೇಲೆಯೇ ಸಹಿ.

3. ಶಾಲೆ ತೆರೆಯುವ ದಿನಾಂಕಕ್ಕೆ ಕ್ಯಾಲೆಂಡರಿನಲ್ಲಿ ಗುಂಡು ಸುತ್ತಿ. ಪಕ್ಕದಲ್ಲಿ ಟೀಚರ ನಂಬರು ಬರೆಯಿರಿ.

4. ಅದರ ಕೆಳಗೆ ಎರಡು ನಂಬರು: ತುರ್ತಿಗೆ 112, ಮಕ್ಕಳಿಗೆ ಯಾವುದೇ ತೊಂದರೆಯಾದರೆ 1098.

5. ಅರ್ಥವಾಗದ ಪದವಿದ್ದರೆ ಕೇಳಿ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ ಟೀಚರಿಗೆ ಫೋನ್ ಮಾಡಿ.

ನನ್ನ ವಯಸ್ಸಿನವರಿಗೆ ಒಂದೇ ಕೆಲಸ. ಕನ್ನಡಕ ಎಲ್ಲಿದೆ ಎಂದು ಇವತ್ತೇ ಹುಡುಕಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಈಗ ಶಾಲೆಯ ಚೀಟಿಗೆ ಗೋಡೆಯ ಮೇಲೆ ಒಂದು ಮೊಳೆ ಇದೆ. ಎಲೆ-ಅಡಿಕೆ ತಟ್ಟೆಯ ಕೆಳಗೆ ಹಳೆಯ ದಿನಪತ್ರಿಕೆ ಹಾಸಿದ್ದೇನೆ.